ವೈದ್ಯಕೀಯ ವಿಶೇಷ ವಿಭಾಗಗಳು ಮತ್ತು ಆಸ್ಪತ್ರೆಯ ಆಯವ್ಯಯ

ಆಸ್ಪತ್ರೆಯೊಂದರ ಆಯವ್ಯಯವು ಅದರ ಹಾಸಿಗೆಗಳ ಸಂಖ್ಯೆಗಿಂತಲೂ ಹೆಚ್ಚಾಗಿ ಅದು ಕೈಗೊಳ್ಳುವ ಚಿಕಿತ್ಸೆಗಳ ಸ್ವರೂಪವನ್ನೇ ಅವಲಂಬಿಸಿರುತ್ತದೆ. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯೂ 1935ರಲ್ಲಿ ಅದರ ನೆರೆಯ ವಾಣಿವಿಲಾಸ ಆಸ್ಪತ್ರೆಯೂ ಆರಂಭಗೊಂಡ ಕಾಲದಲ್ಲಿ ಮುಖ್ಯ ವ್ಯಯಭಾರವನ್ನು ಮೈಸೂರು ಸಂಸ್ಥಾನದ ಬೊಕ್ಕಸವೇ ಹೊರುತ್ತಿದ್ದುದರಿಂದ, ಯಾವ ವಿಭಾಗ ಗಳಿಸಿತು, ಯಾವುದು ಕಳೆಯಿತು ಎಂಬ ಜಿಜ್ಞಾಸೆಗೆ ಅಷ್ಟಾಗಿ ಎಡೆಯಿರಲಿಲ್ಲ.

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಆಧಾರವಾದ 1948ರ ನೌಕರರ ರಾಜ್ಯ ವಿಮಾ ಕಾಯಿದೆ ಬೇರೊಂದು ಮಾರ್ಗವನ್ನು ತೆರೆಯಿತು. ಕಾರ್ಮಿಕನ ವೇತನದ ಮೇಲಿನ ವಂತಿಗೆಯೇ ಅಲ್ಲಿ ಮೂಲಧನವಾದುದರಿಂದ ಹೃದ್ರೋಗವಾಗಲಿ ಮೂತ್ರಪಿಂಡದ ವೈಫಲ್ಯವಾಗಲಿ ಆದಾಯವನ್ನು ತರದು, ವೆಚ್ಚವನ್ನೇ ಬೆಳೆಸುವುದು. ಬೆಂಗಳೂರಿನ ಆರ್‌ಪಿಸಿ ಲೇಔಟ್, ವಿಜಯನಗರಗಳಂಥ ಬಡಾವಣೆಗಳ ಸಣ್ಣ ನರ್ಸಿಂಗ್ ಹೋಮುಗಳ ಲೆಕ್ಕ ಇದಕ್ಕೆ ವಿಪರೀತವಾದುದು: ಹೆರಿಗೆ, ಅಪೆಂಡಿಕ್ಸ್, ಹರ್ನಿಯಾಗಳ ಶಸ್ತ್ರಕ್ರಿಯೆ, ಲ್ಯಾಬು, ಔಷಧಾಲಯ ಇವುಗಳ ಗಳಿಕೆಯೇ, ರಾತ್ರಿಯಿಡೀ ತೆರೆದಿರಬೇಕಾದ ತುರ್ತು ಚಿಕಿತ್ಸೆಯ ಕೊಠಡಿಯನ್ನು ಪೋಷಿಸುವುದು.

ಹೃದ್ರೋಗ ವಿಭಾಗವು ಈ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿ ಚಿಕಿತ್ಸಿಸುವ ಕ್ಯಾಥ್ ಲ್ಯಾಬಿನ ಯಂತ್ರೋಪಕರಣಗಳಿಗೆ ವಿಪುಲ ಬಂಡವಾಳ ಬೇಕಾದರೂ, ರೋಗಿಯು ಅಲ್ಪದಿನಗಳಲ್ಲಿ ಮನೆಗೆ ಮರಳುವುದರಿಂದ, ಸಂಖ್ಯೆ ಬೆಳೆದಂತೆ ತಲಾ ವೆಚ್ಚ ಇಳಿಯುತ್ತದೆ. ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಈ ತತ್ತ್ವದ ಮೇಲೆಯೇ ಬೆಳೆಯಿತು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಅಂಕುರಿಸಿದ ಜಯದೇವ ಹೃದ್ರೋಗ ಸಂಸ್ಥೆಯಾದರೋ ಸರ್ಕಾರದ ನೆರವಿನೊಡನೆ, ಶುಲ್ಕ ಕೊಡಬಲ್ಲವರಿಂದ ಬಂದುದನ್ನು ಕೊಡಲಾರದವರ ಚಿಕಿತ್ಸೆಗೆ ಒದಗಿಸಿತು. ಗಳಿಕೆಯ ಇದಕ್ಕಿಂತ ಉದಾತ್ತವಾದ ವಿನಿಯೋಗವನ್ನು ಕಾಣುವುದು ಕಷ್ಟ. 2017ರ ಫೆಬ್ರವರಿಯಲ್ಲಿ ಔಷಧಲೇಪಿತ ಸ್ಟೆಂಟಿನ ಗರಿಷ್ಠ ಬೆಲೆಯನ್ನು 29,600 ರೂಪಾಯಿಗಳಿಗೆ ಮಿತಿಗೊಳಿಸಿದ ಕೇಂದ್ರದ ಆದೇಶವು, ಆ ಸಾಧನದ ಲಾಭವನ್ನು ನೆಚ್ಚಿದ್ದ ಆಸ್ಪತ್ರೆಗಳು ತಮ್ಮ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಮಾಡಿತು.

ಕ್ಯಾನ್ಸರಿನ ಲೆಕ್ಕ ಇಷ್ಟು ಸರಳವಲ್ಲ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಕಡೆ ವಿಕಿರಣಯಂತ್ರದ ಬಂಡವಾಳದೊಡನೆ ತಿಂಗಳುಗಟ್ಟಲೆಯ ಔಷಧೋಪಚಾರವೂ ಕೂಡಿಕೊಳ್ಳುತ್ತದೆ.

ಆರೋಗ್ಯ ಯೋಜನೆಗಳೂ ವಿಭಾಗಗಳ ಈ ಲೆಕ್ಕವನ್ನು ಬದಲಿಸಿದವು. 2003ರಲ್ಲಿ ಕಾರ್ಯಾರಂಭ ಮಾಡಿದ ಕರ್ನಾಟಕದ ಯಶಸ್ವಿನಿ ಯೋಜನೆ ಸಹಕಾರಿ ರೈತನಿಂದ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವಂತಿಗೆ ಪಡೆದು, ಬಹುಮಟ್ಟಿಗೆ ಶಸ್ತ್ರಕ್ರಿಯೆಗಳಿಗೇ ನಿಶ್ಚಿತ ದರವನ್ನು ಕೊಟ್ಟಿತು. ಬಡವನ ಶಸ್ತ್ರಚಿಕಿತ್ಸೆಯೂ ಆಸ್ಪತ್ರೆಗೆ ಆದಾಯವಾದುದು ಇದರ ಹಿರಿಯ ಫಲ. ಜ್ವರ, ಮಧುಮೇಹ, ಶ್ವಾಸರೋಗಗಳನ್ನು ನೋಡುವ ಸಾಮಾನ್ಯ ವೈದ್ಯವಿಭಾಗಕ್ಕೆ ಅಂಥ ಆಶ್ರಯ ದೊರೆಯದುದು ಇದರ ಕೊರತೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ವ್ಯಾಪ್ತಿಯನ್ನು ಬಹಳ ವಿಸ್ತರಿಸಿತಾದರೂ, ನಿಶ್ಚಿತ ದಿನಗಳಲ್ಲಿ ಮುಗಿಯುವ ಶಸ್ತ್ರಕ್ರಿಯೆಗೆ ಪ್ಯಾಕೇಜು ದರ ಹೊಂದುವಂತೆ, ಎಂದು ಗುಣವಾಗುವುದೆಂದು ಹೇಳಲಾಗದೆ ತೀವ್ರನಿಗಾ ಘಟಕದಲ್ಲಿ ಮಲಗಿದ ರೋಗಿಯ ಶುಶ್ರೂಷೆಗೆ ಹೊಂದುವುದಿಲ್ಲ.