ಘಟ್ಟದ ದಾರಿಯ ಮಣ್ಣು

ಕನ್ನಡದಲ್ಲಿ ಮಂಜು ಎಂಬ ಒಂದೇ ಮಾತಿಗೆ ಎರಡು ಅರ್ಥ. ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನ ಗಾಜಿಗೆ ಅಂಟಿಕೊಂಡು ಡ್ರೈವರನನ್ನು ಕಂಗೆಡಿಸುವುದೂ ಮಂಜೇ, ಕಾಶ್ಮೀರದಲ್ಲಿ ಆಳೆತ್ತರ ಬಿದ್ದು ದಾರಿ ಮುಚ್ಚುವುದೂ ಮಂಜೇ. ಮೊದಲನೆಯದು ಬಿಸಿಲು ಬಂದರೆ ತಾನಾಗಿ ಕರಗುತ್ತದೆ. ಎರಡನೆಯದನ್ನು ಯಾರಾದರೂ ತೆಗೆಯಬೇಕು. ಚಳಿ ದೇಶಗಳಲ್ಲಿ ಟ್ರ್ಯಾಕ್ಟರಿನ ಮುಂದೆ ಅಗಲವಾದ ಕಬ್ಬಿಣದ ಹಲಗೆಯನ್ನು ಸ್ವಲ್ಪ ಓರೆಯಾಗಿ ಕೂರಿಸಿಕೊಂಡು ಹೊರಡುತ್ತಾರೆ. ಟ್ರ್ಯಾಕ್ಟರ್ ಮುಂದಕ್ಕೆ ಹೋದಂತೆಲ್ಲ ಹಿಮ ಪಕ್ಕಕ್ಕೆ ಸರಿದು ಸಾಲಾಗಿ ನಿಲ್ಲುತ್ತದೆ. ನಾಟಿಗೆ ಮೊದಲು ಗದ್ದೆಗೆ ಹಲಗೆ ಹೊಡೆದು ಮಟ್ಟ ಮಾಡುವುದನ್ನು ಕಂಡವರಿಗೆ ಇದು ಹೊಸ ವಿದ್ಯೆ ಎನ್ನಿಸುವುದಿಲ್ಲ.

ಕೆನಡಾದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಫೋನಿನಲ್ಲಿ ಈ ಹಲಗೆಯ ಗಾಡಿಯನ್ನು ಬೈಯುವುದೇ ಒಂದು ಪುರಾಣ. ಬೆಳಿಗ್ಗೆ ಎದ್ದು ಒಂದು ಗಂಟೆ ಸಲಿಕೆ ಹಿಡಿದು ಮನೆಯೆದುರು ಚೊಕ್ಕ ಮಾಡಿರುತ್ತಾಳಂತೆ. ಆಮೇಲೆ ಪುರಸಭೆಯ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ಸರಿಸಿ ಅವಳ ಬಾಗಿಲಿಗೇ ಒಡ್ಡು ಕಟ್ಟಿ ಹೋಗುತ್ತದಂತೆ. ನಮ್ಮ ತೋಟದ ಗೇಟಿನ ಮುಂದೆ ಮಳೆಗಾಲದಲ್ಲಿ ರಸ್ತೆಯವರು ಹಾಕಿ ಹೋಗುವ ಕೆಸರಿನ ಗುಡ್ಡೆಯ ನೆನಪಾಗಿ ನನಗೆ ನಗು ಬಂತು. ಆದರೆ ಒಂದು ವ್ಯತ್ಯಾಸವಿದೆ. ಆಗತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ ಐವತ್ತರಿಂದ ನೂರು ಕಿಲೋ ತೂಗೀತು. ನೀರು ಕುಡಿದ ನಮ್ಮ ಕೆಂಪು ಮಣ್ಣು ಅಷ್ಟೇ ಜಾಗದಲ್ಲಿ 1800 ಕಿಲೋ ತೂಗುತ್ತದೆ. ಅದರೊಳಗೆ ಬಂಡೆ, ಬೇರು, ಕೆಲವೊಮ್ಮೆ ಇಡೀ ಮರವೇ ಇರುತ್ತದೆ. ಹಲಗೆ ಇಟ್ಟು ತಳ್ಳಿದರೆ ಅದು ಜಗ್ಗುವುದಿಲ್ಲ. ಅದನ್ನು ತುಂಬಿ, ಎತ್ತಿ, ಬೇರೆ ಕಡೆ ಸುರಿಯಬೇಕು.

ಘಟ್ಟದ ಮೇಲೆ ನಾವು ಇದನ್ನು ಧರೆ ಕುಸಿಯಿತು ಎನ್ನುತ್ತೇವೆ. ಕೆಳಗಿನವರು ಗುಡ್ಡ ಜರಿಯಿತು ಎನ್ನುತ್ತಾರೆ. ಬೀಳುವ ಮಣ್ಣು ಒಂದೇ.

ನಮ್ಮ ಅಜ್ಜಿ ಕೆಳಗಿನವರು, ಬೆಳ್ತಂಗಡಿ ಕಡೆಯವರು. 1951ರಲ್ಲಿ ಮದುವೆಯಾಗಿ ಮೂಡಿಗೆರೆ ಸೀಮೆಗೆ ಬಂದರು. ಆಗ ಘಟ್ಟದ ಮೇಲೆ ಮೈಸೂರು ರಾಜ್ಯ, ಕೆಳಗೆ ಮದರಾಸು ರಾಜ್ಯಕ್ಕೆ ಸೇರಿದ ದಕ್ಷಿಣ ಕನ್ನಡ. 1956ರ ನವೆಂಬರ್ 1ರವರೆಗೂ ಅವರು ಹೊರ ರಾಜ್ಯದ ಸೊಸೆಯೇ! ತುಳುನಾಡಿನಲ್ಲಿ ಆಟಿ ತಿಂಗಳಿಗೆ ಹೊಸ ಮದುವಣಗಿತ್ತಿಯನ್ನು ತವರಿಗೆ ಕರೆದೊಯ್ಯುವುದು ವಾಡಿಕೆ. ನಮ್ಮಲ್ಲೂ ಆಷಾಢಕ್ಕೆ ಹಾಗೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳೇ ಘಟ್ಟದಲ್ಲಿ ಮಣ್ಣು ಬೀಳುವ ತಿಂಗಳು ಕೂಡ. ಈ ಸಂಪ್ರದಾಯ ಮಾಡಿದವರು ಘಟ್ಟದ ಮೇಲಿನ ಸಂಬಂಧವನ್ನು ಎಣಿಸಿರಲಿಲ್ಲ ಎಂದು ಕಾಣುತ್ತದೆ.

ಅಜ್ಜಿಯನ್ನು ಕರೆಯಲು ಅವರ ಅಣ್ಣ ಬಂದಿದ್ದರು. ಇಬ್ಬರೂ ಕೊಟ್ಟಿಗೆಹಾರ ತಲುಪುವಾಗ ಮುಂದೆ ದಾರಿಯಿಲ್ಲ ಎಂಬ ಸುದ್ದಿ. ಪರಿಚಯದವರ ಮನೆಯಲ್ಲಿ ಎರಡು ರಾತ್ರಿ ಕಳೆದರು. ಗ್ಯಾಂಗಿನವರು ಹಾರೆ, ಪಿಕಾಸಿ, ಗುದ್ದಲಿ ಹಿಡಿದು ಅಗೆದರು. ಅಗೆದ ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಕಣಿವೆಗೆ ಸುರಿದರು. ಮೂರನೆಯ ದಿನ ಮಣ್ಣಿನ ಗುಡ್ಡೆಯ ಮೇಲೆ ಒಬ್ಬರು ನಡೆಯುವಷ್ಟು ದಾರಿಯಾಯಿತು. ಟ್ರಂಕನ್ನು ಆಳಿನ ತಲೆಗೇರಿಸಿ, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಅಜ್ಜಿ ಆಚೆ ದಾಟಿದರು. ಆಚೆ ಬದಿಗೆ ಕೆಳಗಿನಿಂದ ಬಂದ ಬಸ್ಸು ನಿಂತಿತ್ತು.

ಈ ಕತೆಯಲ್ಲಿ ಅಜ್ಜಿ ಯಾವಾಗಲೂ ಒತ್ತಿ ಹೇಳುತ್ತಿದ್ದ ಮಾತೊಂದಿದೆ. ಅಗೆಯುವ ಗಂಡಸರಿಗೆ ಕಂಬಳಿಕೊಪ್ಪೆ ಇತ್ತು. ಸಸಿ ನೆಡುವ ಹೆಂಗಸರಿಗೆ ತಲೆ, ಬೆನ್ನು ಮುಚ್ಚುವ ಗೊರಬು ಇರುತ್ತದೆ. ಆದರೆ ಮಣ್ಣು ಹೊರುವವಳ ತಲೆಯ ಮೇಲೆ ಬುಟ್ಟಿ ಇರಬೇಕಲ್ಲ, ಗೊರಬು ಎಲ್ಲಿ ಇಟ್ಟುಕೊಳ್ಳುತ್ತಾಳೆ? ಬುಟ್ಟಿಯ ಸಂದಿನಿಂದ ಕೆಂಪು ನೀರು ಮುಖದ ಮೇಲೆ ಇಳಿಯುತ್ತಿತ್ತಂತೆ. ತವರಿಗೆ ಹೋಗುವ ಸಂಭ್ರಮದಲ್ಲಿದ್ದ ಇಪ್ಪತ್ತರ ಹುಡುಗಿ ಅದನ್ನು ಗಮನಿಸಿದ್ದಳು ಎಂಬುದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ರಸ್ತೆಯ ಇತಿಹಾಸ ಬರೆದವರು ಎಷ್ಟು ಮೈಲಿ, ಎಷ್ಟು ತಿರುವು, ಯಾವ ದೊರೆ ಎಂಬುದನ್ನು ಬರೆದಿಡುತ್ತಾರೆ. ನಮ್ಮ ಕಾಫಿ ಹೇರೆತ್ತಿನ ಮೇಲೂ ಆಮೇಲೆ ಗಾಡಿಗಳಲ್ಲೂ ಘಟ್ಟ ಇಳಿದು ಮಂಗಳೂರು ಸೇರುತ್ತಿದ್ದುದು ದಾಖಲೆಯಲ್ಲಿದೆ. ಆ ದಾರಿಯನ್ನು ಪ್ರತಿ ಮಳೆಗಾಲದಲ್ಲಿ ಮತ್ತೆ ದಾರಿ ಮಾಡಿದವರ ಲೆಕ್ಕ ಎಲ್ಲೂ ಕಾಣುವುದಿಲ್ಲ. ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಒಬ್ಬಳು ಒಂದು ಸಲಕ್ಕೆ ಇಪ್ಪತ್ತೆರಡು ಕಿಲೋ ಹೊತ್ತಳು ಎಂದುಕೊಳ್ಳಿ. ಒಂದು ಘನ ಮೀಟರ್ ಒದ್ದೆ ಮಣ್ಣಿಗೆ ಎಂಬತ್ತಕ್ಕೂ ಹೆಚ್ಚು ಬುಟ್ಟಿ. ಇಂದಿನ ಜೆಸಿಬಿಯ ಮುಂದಿನ ಬಕೆಟ್ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ, ಒಂದು ಘನ ಮೀಟರ್. ಒಂದು ಸಲ ಬಗ್ಗಿ ಎದ್ದರೆ ಎಂಬತ್ತು ಬುಟ್ಟಿ!

ಜೆಸಿಬಿ ಎಂಬುದು ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರಗಳು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬಾತ 1945ರಲ್ಲಿ ಇಂಗ್ಲೆಂಡಿನ ಅಟಾಕ್ಸೆಟರ್ ಎಂಬ ಊರಿನ ಸಣ್ಣ ಗ್ಯಾರೇಜಿನಲ್ಲಿ, ಯುದ್ಧದ ಹಳೆಯ ಸಾಮಾನಿನಿಂದ ಒಂದು ಟ್ರೈಲರ್ ಮಾಡಿ ಸಂತೆಯಲ್ಲಿ 45 ಪೌಂಡಿಗೆ ಮಾರಿದ. 1953ರಲ್ಲಿ ಒಂದು ಮಾಮೂಲಿ ಫೋರ್ಡ್‌ಸನ್ ಟ್ರ್ಯಾಕ್ಟರಿನ ಮುಂದೆ ಮಣ್ಣು ತುಂಬುವ ಬಕೆಟನ್ನೂ ಹಿಂದೆ ಅಗೆಯುವ ಕೈಯನ್ನೂ ಕೂರಿಸಿದ. ಹಳದಿ ರಾಕ್ಷಸ ಎಂದು ನಾವು ಕರೆಯುವ ಯಂತ್ರದ ಮೂಲ ಇಷ್ಟೇ: ಉಳುವ ಟ್ರ್ಯಾಕ್ಟರಿಗೆ ಎರಡು ಕೈ. 1979ರಲ್ಲಿ ಎಸ್ಕಾರ್ಟ್ಸ್ ಕಂಪನಿಯ ಜೊತೆ ಸೇರಿ ದೆಹಲಿಯ ಹತ್ತಿರದ ಬಲ್ಲಭಗಡದಲ್ಲಿ ಕಾರ್ಖಾನೆ ತೆರೆದರು. ಈಗ ಯಾವ ಕಂಪನಿಯ ಯಂತ್ರ ಬಂದರೂ ನಮ್ಮವರ ಬಾಯಲ್ಲಿ ಅದು ಜೆಸಿಬಿಯೇ, ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ.

ನಮ್ಮ ಸೀಮೆಯವರು ದೊಡ್ಡ ಯಂತ್ರಗಳನ್ನು ಮೊದಲು ಕಣ್ಣಾರೆ ಕಂಡದ್ದು ಕುದುರೆಮುಖದಲ್ಲಿ. 1976ರಲ್ಲಿ ಅಲ್ಲಿ ಅದಿರು ಕಂಪನಿ ಹುಟ್ಟಿತು. 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅದಿರಿನ ರಾಡಿ ಮಂಗಳೂರಿಗೆ ಹರಿಯಿತು. ಕಳಸದಿಂದ ಜನ ಬುತ್ತಿ ಕಟ್ಟಿಕೊಂಡು ಹೋಗಿ ಮನೆಯೆತ್ತರದ ಡಂಪರುಗಳನ್ನು ನೋಡಿ ಬರುತ್ತಿದ್ದರು. 2005ರ ಕೊನೆಯ ದಿನ ಗಣಿ ನಿಂತಿತು. ಅಷ್ಟರಲ್ಲಿ ಸಣ್ಣ ಯಂತ್ರಗಳು ಹೋಬಳಿ ಹೋಬಳಿಗೂ ಬಂದಿದ್ದವು.

ಯಂತ್ರ ಬಂದದ್ದನ್ನು ನಾನು ದೂರುವುದಿಲ್ಲ. ತಲೆಯ ಮೇಲಿಂದ ಬುಟ್ಟಿ ಇಳಿದದ್ದು ಒಳ್ಳೆಯದೇ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದವರು ಕಷ್ಟದ ಹೆರಿಗೆಗೂ ಎದೆನೋವಿಗೂ ಮಂಗಳೂರಿನ ಕಡೆಗೇ ಓಡುವುದು. ಚಾರ್ಮಾಡಿ ಕಟ್ಟಿದರೆ ಶಿರಾಡಿಯನ್ನೋ ಕುದುರೆಮುಖದ ದಾರಿಯನ್ನೋ ಬಳಸಬೇಕು. ಮೂರು ದಿನದ ಕೆಲಸ ಮೂರು ಗಂಟೆಗೆ ಆಗುವುದರ ಬೆಲೆ ಆಂಬುಲೆನ್ಸಿನಲ್ಲಿ ಕುಳಿತವಳಿಗೆ ಗೊತ್ತು.

ಆದರೆ ಯಂತ್ರದೊಂದಿಗೆ ಇನ್ನೊಂದು ಆಯಿತು. ಗ್ಯಾಂಗಿನವರು ಕರಗಿಹೋದರು. ಬಿದ್ದ ಮಣ್ಣು ತೆಗೆಯುವುದು ಅವರ ಕೆಲಸದಲ್ಲಿ ಚಿಕ್ಕ ಪಾಲು. ದೊಡ್ಡ ಪಾಲು ಚರಂಡಿ. ಮೇ ತಿಂಗಳಲ್ಲೇ ರಸ್ತೆಯ ಒಳಬದಿಯ ಚರಂಡಿ ಬಿಡಿಸಿ, ಮೋರಿಯ ಬಾಯಿಂದ ತರಗೆಲೆ ಎಳೆದು, ನೀರು ಎಲ್ಲೂ ನಿಲ್ಲದ ಹಾಗೆ ಮಾಡುತ್ತಿದ್ದರು. ಮಳೆ ಹಿಡಿದ ಮೇಲೂ ದಿನಾ ಆ ದಾರಿಯಲ್ಲಿ ನಡೆದು ನೋಡುತ್ತಿದ್ದರು. ತೋಟದಲ್ಲಿ ತೊಟ್ಟಿಲು ಗುಂಡಿ, ಬಸಿಗಾಲುವೆ ಬಿಡಿಸುವುದಕ್ಕೆ ಆಳುಗಳನ್ನು ಹಾಕುತ್ತೇವಲ್ಲ, ಹಾಗೆ. ನೀರಿಗೆ ದಾರಿ ಇಲ್ಲದಿದ್ದರೆ ಅದು ಧರೆಯೊಳಗೆ ಇಳಿಯುತ್ತದೆ. ಮಣ್ಣು ಭಾರವಾಗುತ್ತದೆ, ಕಣಕಣದ ಹಿಡಿತ ತಪ್ಪುತ್ತದೆ, ಒಂದು ರಾತ್ರಿ ಕೂತಲ್ಲೇ ಜಾರುತ್ತದೆ. ಗಂಟೆ ಲೆಕ್ಕದ ಯಂತ್ರ ಬಿದ್ದಾಗ ಬರುತ್ತದೆ. ಬೀಳುವ ಮೊದಲು ನಡೆದು ನೋಡುವುದಿಲ್ಲ.

ಜೊತೆಗೆ, ದಾರಿಯ ಮಣ್ಣು ತೆಗೆಯುವ ಬಕೆಟೇ ಬೇಸಿಗೆಯಲ್ಲಿ ಧರೆಯನ್ನು ಕತ್ತರಿಸುತ್ತದೆ. ಗುದ್ದಲಿಯ ಕಾಲದಲ್ಲಿ ಮನೆ ಕಟ್ಟುವವನು ಗುಡ್ಡಕ್ಕೆ ಹೊಂದಿಕೊಂಡು ಎರಡು ಮೂರು ಮಟ್ಟ ಮಾಡಿ ಕಟ್ಟುತ್ತಿದ್ದ, ಅಗೆಯುವ ಕೂಲಿ ಯಾರು ಕೊಡುತ್ತಾರೆ? ಈಗ ಎರಡು ದಿನದಲ್ಲಿ ಇಡೀ ಗುಡ್ಡದ ಬುಡ ಕಡಿದು ಗೋಡೆಯಂತೆ ನಿಲ್ಲಿಸಿ, ಹೋಂಸ್ಟೇಗೆ, ಕಾಫಿ ಕಣಕ್ಕೆ, ಕಾರು ನಿಲ್ಲಿಸಲಿಕ್ಕೆ ಮೈದಾನ ಮಾಡಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಭೂವಿಜ್ಞಾನಿಗಳು ಮಳೆಯ ಜೊತೆಗೆ ಹೀಗೆ ಇಳಿಜಾರು ಕಡಿದದ್ದನ್ನೂ ಕಾರಣವೆಂದು ಹೇಳಿದರು.

ಮರುವರ್ಷ ನಮ್ಮ ಸರದಿ. 2019ರ ಮೇ ತಿಂಗಳಲ್ಲಿ ಜೆಸಿಬಿ ಮಣ್ಣು ಅಗೆಯುವ ವಿಡಿಯೋಗಳನ್ನು ನೋಡುವುದೇ ದೇಶಕ್ಕೆಲ್ಲ ಒಂದು ತಮಾಷೆಯಾಗಿತ್ತು. ನಮ್ಮ ಮನೆಯ ಹುಡುಗರೂ ಫೋನು ಹಿಡಿದು ನಗುತ್ತಿದ್ದರು. ಆಗಸ್ಟಿನಲ್ಲಿ ಆ ನಗು ಇರಲಿಲ್ಲ. ಚಾರ್ಮಾಡಿಯಲ್ಲಿ ಒಂದು ಕಡೆಯಲ್ಲ, ಹತ್ತಾರು ಕಡೆ ಮಣ್ಣು ಬಿತ್ತು. ಕೆಲವೆಡೆ ರಸ್ತೆಯೇ ಕೆಳಗೆ ಹೋಯಿತು. ಕಳಸದ ಹತ್ತಿರ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ಸಂಪರ್ಕ ಕಡಿಯಿತು. ಮಲೆಮನೆ, ಮಧುಗುಂಡಿ ಕಡೆ ಮನೆ, ಗದ್ದೆ, ತೋಟ ಮಣ್ಣಿನಡಿ ಸೇರಿದವು. ರಸ್ತೆ ಹಲವು ವಾರಗಳ ನಂತರ ಮೊದಲು ಸಣ್ಣ ವಾಹನಗಳಿಗೆ ತೆರೆಯಿತು. ಆ ಊರಿನ ಕುಟುಂಬಗಳು ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಾದವು. ರಸ್ತೆಯ ಮಣ್ಣು ತೆಗೆಯಲು ಯಂತ್ರ ಬಂತು. ತೋಟದ ಮೇಲೆ ಬಿದ್ದ ಮಣ್ಣನ್ನು ಎಲ್ಲಿಗೆ ತೆಗೆಯುವುದು? ಹಿಮವಾದರೆ ಬೇಸಿಗೆಗೆ ನೀರಾಗಿ ಹೋಗುತ್ತದೆ. ಕಣಿವೆಗೆ ತಳ್ಳಿದ ಮಣ್ಣು ಹಳ್ಳಕ್ಕೆ ಸೇರಿ, ಕೆಳಗಿನವರ ಅಡಿಕೆ ತೋಟದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಸೇತುವೆ ಕೊಚ್ಚಿಹೋಗಿ ಯಂತ್ರಗಳು ಆಚೆ ದಾಟಲಾಗದೆ ನಿಂತವು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಕಟ್ಟಿ ಮುಗಿಸಿದರು. ಮುಂದೆ ನಿಂತು ಮಾಡಿಸಿದವರು ಮೇಜರ್ ಸೀತಾ ಶೆಳ್ಕೆ. ಟಿ.ವಿ.ಯಲ್ಲಿ ಅವರನ್ನು ನೋಡುವಾಗ ನಮ್ಮತ್ತೆ, ‘ಆ ಹುಡುಗಿ ಊಟ ಮಾಡಿದ್ದಾಳೋ ಇಲ್ಲವೋ’ ಎಂದರು. ಆ ಸೇತುವೆಯ ಮೇಲೆ ಜೆಸಿಬಿಗಳು ಒಂದರ ಹಿಂದೆ ಒಂದು ದಾಟಿದವು.

ಈಗ ಚಾರ್ಮಾಡಿಯಲ್ಲಿ ಮಳೆಗೆ ಮೊದಲೇ ಯಂತ್ರ ತಂದು ನಿಲ್ಲಿಸಿಕೊಳ್ಳುವುದಿದೆ. ಓಡಿಸುವ ಹುಡುಗರು ಉತ್ತರ ಕರ್ನಾಟಕದವರೋ ಬಿಹಾರದವರೋ ಆಗಿರುತ್ತಾರೆ. ಕಳೆದ ಮಳೆಗಾಲ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದ ಅಂಥ ಒಬ್ಬನನ್ನು, ‘ಹೆದರಿಕೆಯಾಗುವುದಿಲ್ಲವೇನಪ್ಪಾ?’ ಎಂದು ಕೇಳಿದೆ. ‘ಮುಂದಿನ ಮಣ್ಣಿಗೆ ಹೆದರಿಕೆ ಇಲ್ಲ ಅಕ್ಕಾರ, ಮ್ಯಾಲಿಂದಕ್ಕ ಹೆದರಿಕಿ’ ಎಂದ. ಬುಡದ ಮಣ್ಣು ತೆಗೆದ ಹಾಗೆಲ್ಲ ಮೇಲಿನದು ಇಳಿಯುತ್ತದಂತೆ. ಅದಕ್ಕೇ ಒಬ್ಬ ಹೊರಗೆ ನಿಂತು ಗುಡ್ಡವನ್ನೇ ನೋಡುತ್ತಾ ಸೀಟಿ ಊದಬೇಕಂತೆ. ಇನ್ನೆರಡು ದೋಸೆ ಹಾಕಿಸಿಕೊಂಡು, ಹೊರಗೆ ಮಳೆಯಲ್ಲಿ ನಿಂತಿದ್ದ ಆ ಸೀಟಿಯವನಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಎದ್ದು ಹೋದ.