ವಿಳಾಸವಿಲ್ಲದ ಧ್ವನಿಮುದ್ರಿಕೆ

ಸರಕಾರಿ ಕಚೇರಿಯ ಟಪ್ಪಾಲು ವಿಭಾಗದಲ್ಲಿ ಒಂದೆರಡು ವರ್ಷ ಕುಳಿತವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕಾಗದವನ್ನು ಎಷ್ಟೇ ಸೊಗಸಾಗಿ ಬರೆದಿರಲಿ, ಕಳುಹಿಸಿದವರ ವಿಳಾಸ ಅದರಲ್ಲಿ ಇಲ್ಲದಿದ್ದರೆ ಉತ್ತರ ಹೋಗುವ ದಾರಿಯಿಲ್ಲ. ಹೀಗೆ ವಿಳಾಸ ಮರೆತು ಹೊರಟ ಒಂದು ಧ್ವನಿಮುದ್ರಿಕೆ ಅಮೆರಿಕದ ಸಂಗೀತದಲ್ಲಿ ಹೊಸ ಅಧ್ಯಾಯ ತೆರೆದ ಕಥೆಯನ್ನು ಈ ಸಲ ಹೇಳೋಣವೆಂದಿದ್ದೇವೆ. ಭಾನುವಾರ ಬಂತೆಂದರೆ ಮನೆಯಲ್ಲಿ ಮಕ್ಕಳ ಗಿಟಾರಿನ ಗದ್ದಲವನ್ನೂ, ಅದರ ಹಿಂದೆಯೇ ನೆರೆಮನೆಯವರ ದೂರನ್ನೂ ಸಹಿಸುತ್ತಿರುವ ತಂದೆತಾಯಿಯರು ದಯವಿಟ್ಟು ಓದಬೇಕು. ನಾವೂ ಅವರಲ್ಲೊಬ್ಬರು.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಎಂಬ ಊರಿದೆ. 1785ರಲ್ಲಿ ಸನ್ನದು ಪಡೆದ ವಿಶ್ವವಿದ್ಯಾಲಯವೇ ಅದರ ಜೀವಾಳ. ನಮ್ಮ ಧಾರವಾಡದ ಹಾಗೆ ವಿದ್ಯಾರ್ಥಿಗಳಿಂದಲೇ ಬೀದಿ ತುಂಬುವ ಊರೆನ್ನಬಹುದು. ದೊಡ್ಡ ಧ್ವನಿಮುದ್ರಣ ಕಂಪನಿಗಳಿದ್ದದ್ದು ದೂರದ ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಲ್ಲಿ. ಆದರೂ 1978ರಲ್ಲಿ ಈ ಊರಿನ ‘ಬಿ-52ಸ್’ ತಂಡದ ಮೊದಲ ಹಾಡನ್ನು ಹತ್ತಿರದ ಅಟ್ಲಾಂಟಾದ ಒಬ್ಬ ರೆಕಾರ್ಡ್ ಅಂಗಡಿಯಾತ ಸ್ವಂತ ಹೆಸರುಪಟ್ಟಿಯಲ್ಲಿ ಹೊರತಂದಿದ್ದ. ಮರುವರ್ಷ ‘ಪೈಲಾನ್’ ತಂಡದ ಸರದಿ. ಹೀಗೆ ಹಿಂದೆ ಬರುವವರಿಗೆ ಒಂದು ಕಾಲುದಾರಿ ಬಿದ್ದಿತ್ತು.

ಆ ದಾರಿಯಲ್ಲಿ ಬಂದವರು ಆರ್.ಇ.ಎಂ. ತಂಡದ ನಾಲ್ವರು. ಗಿಟಾರಿನ ಪೀಟರ್ ಬಕ್ ರೆಕಾರ್ಡ್ ಅಂಗಡಿಯೊಂದರ ನೌಕರ; ಹಾಡುಗಾರ ಮೈಕೇಲ್ ಸ್ಟೈಪ್ ಚಿತ್ರಕಲೆಯ ವಿದ್ಯಾರ್ಥಿ, ಆ ಅಂಗಡಿಯ ಗಿರಾಕಿ. ಮೈಕ್ ಮಿಲ್ಸ್, ಬಿಲ್ ಬೆರಿ ಎಂಬಿಬ್ಬರು ಮೇಕನ್ ಊರಿನಿಂದ ಓದಲು ಬಂದ ಗೆಳೆಯರು. 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಹಳೆಯ ಚರ್ಚಿನಲ್ಲಿ, ಪರಿಚಿತರ ಹುಟ್ಟುಹಬ್ಬಕ್ಕೆ ಇವರು ಮೊದಲ ಸಲ ನುಡಿಸಿದರು.

ಮರುವರ್ಷ ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾದ ವಿನ್ಸ್ಟನ್-ಸೇಲಂಗೆ ಹೋಗಿ, ಮಿಚ್ ಈಸ್ಟರ್ ಎಂಬಾತ ತನ್ನ ತಂದೆತಾಯಿಯರ ಮನೆಯ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ನಡೆಸುತ್ತಿದ್ದ ಸ್ಟುಡಿಯೋದಲ್ಲಿ ಮುದ್ರಿಸಿದರು. ‘ಸಿಂಗಲ್’ ಎಂದರೆ ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ಪ್ಲೇಟು. ಪ್ರತಿ ಬದಿಗೆ ಒಂದೊಂದು ಹಾಡು. ಇದರ ಒಂದು ಬದಿ ‘ರೇಡಿಯೋ ಫ್ರೀ ಯುರೋಪ್’, ಇನ್ನೊಂದು ಬದಿ ‘ಸಿಟ್ಟಿಂಗ್ ಸ್ಟಿಲ್’. ಅಟ್ಲಾಂಟಾದ ಕಾನೂನು ವಿದ್ಯಾರ್ಥಿ ಜಾನಿ ಹಿಬರ್ಟ್ ಎಂಬಾತ ಇದನ್ನು ತನ್ನ ‘ಹಿಬ್-ಟೋನ್’ ಸಂಸ್ಥೆಯಿಂದ 1981ರ ಜುಲೈನಲ್ಲಿ ಹೊರತಂದ. ಮೊದಲ ಕಂತಿನಲ್ಲಿ ಸಾವಿರ ಪ್ರತಿ. ಅದರಲ್ಲಿ 600 ಪ್ರಚಾರಕ್ಕೆ ಮೀಸಲು. ಆದರೆ ಆ ಕಂತಿನ ಮೇಲೆ ಸಂಸ್ಥೆಯ ವಿಳಾಸ ಅಚ್ಚಾಗಲೇ ಇಲ್ಲ! ಸಾಲದ್ದಕ್ಕೆ, ಪ್ಲೇಟಿನ ಧ್ವನಿ ಮಂಕಾಗಿದೆಯೆಂದು ಪೀಟರ್ ಬಕ್‌ಗೆ ಬೇಸರ.

ಆದರೂ ಹಾಡು ಸಾಯಲಿಲ್ಲ. ಅಮೆರಿಕದಲ್ಲಿ ಎಫ್.ಎಂ. ಪಟ್ಟಿಯ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗ ವ್ಯಾಪಾರೇತರ, ಶೈಕ್ಷಣಿಕ ಕೇಂದ್ರಗಳಿಗೆ ಮೀಸಲು. ಅಲ್ಲಿ ಅನೇಕ ಕಾಲೇಜುಗಳ ವಿದ್ಯಾರ್ಥಿಗಳೇ ಕೇಂದ್ರ ನಡೆಸುತ್ತಾರೆ, ಜಾಹೀರಾತುದಾರನ ಹಂಗಿಲ್ಲ. ಹಾಡು ಆ ಕೇಂದ್ರಗಳಲ್ಲಿ ಹರಡಿತು. ವಿಳಾಸ ಸೇರಿಸಿ ಇನ್ನೂ 6,000 ಪ್ರತಿ ಒತ್ತಬೇಕಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷದ ಹತ್ತು ಉತ್ತಮ ಸಿಂಗಲ್‌ಗಳಲ್ಲಿ ಇದನ್ನೂ ಎಣಿಸಿತು. 1983ರಲ್ಲಿ ‘ಮರ್ಮರ್’ ಆಲ್ಬಮ್ಮಿಗಾಗಿ ಮತ್ತೆ ಹಾಡಿದಾಗ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏರಿದ್ದು 78ನೆಯ ಸ್ಥಾನಕ್ಕೆ ಮಾತ್ರ. ಆದರೆ ಅಲ್ಲಿನ ರಾಷ್ಟ್ರೀಯ ಧ್ವನಿಮುದ್ರಣ ಭಂಡಾರದ 2009ನೇ ಸಾಲಿನ ಪಟ್ಟಿಗೆ ಸೇರಿದ್ದು ಆ ಗ್ಯಾರೇಜಿನ ಮೊದಲ ಮುದ್ರಣವೇ. ಮುಂದೆ ‘ಆಲ್ಟರ್ನೇಟಿವ್ ರಾಕ್’ ಎಂದು ಹೆಸರಾದ ಸಂಗೀತದ ಬೇರುಗಳಲ್ಲಿ ಇದೂ ಒಂದು.

ಹಾಡಿನ ಹೆಸರು, 1950ರಲ್ಲಿ ಅಮೆರಿಕದ ಹಣದಿಂದ ಪೂರ್ವ ಯುರೋಪಿನ ಜನರಿಗಾಗಿ ಪ್ರಸಾರ ಆರಂಭಿಸಿದ ಬಾನುಲಿಯದು. ಸ್ಟೈಪ್ ಏನು ಹಾಡುತ್ತಾನೆಂಬುದು ಮಾತ್ರ ಇಂಗ್ಲಿಷರ ಕಿವಿಗೂ ಸರಿಯಾಗಿ ತಿಳಿಯದು. ತಿಳಿಯದೆಯೂ ಜನ ಗುನುಗಿದರು. ಪರಊರಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಅಜ್ಜಿಯಿಂದ ಕಲಿತ ದಾಸರ ಪದವನ್ನು ಅರ್ಥ ತಿಳಿಯದೆ, ಶ್ರುತಿ ಬಿಡದೆ ಹಾಡುವುದನ್ನು ಕೇಳಿದ ನಮಗೆ ಇದೇನೂ ವಿಚಿತ್ರವೆನಿಸದು. ಅರ್ಥ ಹಿಂದಿನಿಂದ ಬಂದೀತು.

ಇನ್ನೊಂದು ಸಂಗತಿ ನಮ್ಮನ್ನು ಕೊಂಚ ಚುಚ್ಚುತ್ತದೆ. 2011ರಲ್ಲಿ ತಂಡ ವಿಸರ್ಜನೆಯಾಗುವವರೆಗೂ ಅದರ ನೆಲೆ ಅಥೆನ್ಸೇ ಆಗಿತ್ತು. ಹೆಸರು ಬಂದಮೇಲೂ ಅವರು ತಂಡವನ್ನು ರಾಜಧಾನಿಗಳಿಗೆ ಸಾಗಿಸಲಿಲ್ಲ. ಅನ್ನಕ್ಕಾಗಿ ಊರು ಬಿಟ್ಟ ನಮಗೆ ಆ ಭಾಗ್ಯವಿರಲಿಲ್ಲ. ಅದಕ್ಕೇ ಈ ಸಂಘವನ್ನೇ ಊರೆಂದು ಮಾಡಿಕೊಂಡಿದ್ದೇವೆ. ಆದರೆ ನಮ್ಮ ಹಳೆಯ ನಾಟಕಗಳ ಫೋಟೋಗಳನ್ನು ಕಪಾಟಿನಿಂದ ತೆಗೆದು ನೋಡಿ: ಹಿಂದೆ ಹೆಸರಿಲ್ಲ, ವರ್ಷವಿಲ್ಲ. ಬಣ್ಣ ಹಚ್ಚಿಕೊಂಡು ನಿಂತವರು ಯಾರೆಂದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಮಕ್ಕಳ ಗದ್ದಲಕ್ಕೆ ಬಾಗಿಲು ಹಾಕಿದರೂ ಸರಿ, ಅವರ ಮೊದಲ ಹಾಡನ್ನು ಮುದ್ರಿಸಿಡಿ. ಧ್ವನಿ ಮಂಕಾಗಿದ್ದರೆ ಚಿಂತೆಯಿಲ್ಲ. ಹೆಸರು, ತಾರೀಖು, ವಿಳಾಸ ಬರೆಯುವುದನ್ನು ಮಾತ್ರ ಮರೆಯಬೇಡಿ.