ಅಸ್ತಮಾ: ಕಿಣ್ವವಿಲ್ಲದವರಿಗೆ ಹೊಗೆಯೇ ಹಗೆ

ಒಂದೇ ಬೀದಿಯಲ್ಲಿ ಬೆಳೆದು, ಒಂದೇ ಬಸ್ಸಿನ ಹೊಗೆ ಕುಡಿದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಉಬ್ಬಸ ಬರುವುದೇಕೆ? ಉತ್ತರದ ಒಂದು ಭಾಗ ಶರೀರದಲ್ಲಿಯೇ ಇರುವ, ವಿಷವಸ್ತುಗಳನ್ನು ನಿವಾರಿಸುವ ಕಿಣ್ವಗಳಲ್ಲಿ ಅಡಗಿದೆ.

ತಂಬಾಕಿನ ಹೊಗೆ, ಡೀಸೆಲ್ ಕಣ, ಓಜೋನ್ ಅನಿಲ ಇವು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಊತ ಉಂಟುಮಾಡುತ್ತವೆ. ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಇಂಥ ವಿಷವಸ್ತುಗಳಿಗೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ನೆರವಾಗುವುದು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಕಿಣ್ವಗಳ ಕೆಲಸ. ಇವುಗಳ ಸಂಕ್ಷಿಪ್ತ ನಾಮ ಜಿಎಸ್‌ಟಿ; ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ.

ಈ ಬಳಗದಲ್ಲಿ ಸಂಶೋಧಕರ ಗಮನವನ್ನು ಹೆಚ್ಚಾಗಿ ಸೆಳೆದದ್ದು 1ನೇ ವರ್ಣತಂತುವಿನಲ್ಲಿರುವ ಜಿಎಸ್‌ಟಿಎಂ1 ವಂಶವಾಹಿ. ಅನೇಕರಲ್ಲಿ ಇದು ಸಂಪೂರ್ಣವಾಗಿ ಅಳಿಸಿಹೋಗಿದೆ. ತಂದೆ, ತಾಯಿ ಇಬ್ಬರಿಂದಲೂ ಇದು ದೊರೆಯದವರಲ್ಲಿ ಆ ಕಿಣ್ವ ತಯಾರಾಗುವುದೇ ಇಲ್ಲ. ಐರೋಪ್ಯ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರ ಸ್ಥಿತಿ ಇದು. ಭಾರತೀಯರಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ. ಇಷ್ಟು ಜನರಲ್ಲಿ ಕಾಣುವ ಕೊರತೆಯನ್ನು ರೋಗವೆಂದು ಕರೆಯಲಾಗದು. ಹೊಗೆ ಎದುರಾದಾಗಲೇ ಅದರ ಪರಿಣಾಮ ಬಯಲಾಗುತ್ತದೆ.

ದಕ್ಷಿಣ ಕ್ಯಾಲಿಫೋರ್ನಿಯಾದ 12 ಊರುಗಳ 2,950 ಶಾಲಾಮಕ್ಕಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಗರ್ಭಿಣಿಯಾಗಿದ್ದಾಗ ತಾಯಿ ಧೂಮಪಾನ ಮಾಡಿದ್ದರೆ ಮಗುವಿಗೆ ಅಸ್ತಮಾ ಬರುವ ಸಂಭವ ಹೆಚ್ಚಿತ್ತು. ಆದರೆ ಆ ಹೆಚ್ಚಳ ಕಂಡುಬಂದದ್ದು ಬಹುಮಟ್ಟಿಗೆ ಜಿಎಸ್‌ಟಿಎಂ1 ಇಲ್ಲದ ಮಕ್ಕಳಲ್ಲಿ ಮಾತ್ರ.

ಎರಡು ವರ್ಷಗಳ ನಂತರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮತ್ತೊಂದು ಪ್ರಯೋಗದ ವರದಿ ಬಂದಿತು. ನಮ್ಮ ಪಾರ್ಥೇನಿಯಂ ಕಳೆಯ ಕುಟುಂಬಕ್ಕೇ ಸೇರಿದ ರ್‍ಯಾಗ್‌ವೀಡ್ ಗಿಡದ ಪರಾಗಕ್ಕೆ ಅಲರ್ಜಿಯಿದ್ದ 19 ಮಂದಿಯ ಮೂಗಿಗೆ ಪರಾಗದ ಜತೆ ಡೀಸೆಲ್ ಕಣಗಳನ್ನು ಸೇರಿಸಲಾಯಿತು. ವಂಶವಾಹಿ ಇಲ್ಲದವರಲ್ಲಿ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ ಹಾಗೂ ಹಿಸ್ಟಮೈನ್ ಉಳಿದವರಿಗಿಂತ ಬಹಳ ಹೆಚ್ಚಾಗಿ ಏರಿದವು.

ಹಾಗೆಂದು ಎಲ್ಲ ದೋಷವನ್ನೂ ವಂಶವಾಹಿಯ ಮೇಲೆ ಹೊರಿಸುವಂತಿಲ್ಲ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಮರ್ಶೆ, ಜಿಎಸ್‌ಟಿ ವಂಶವಾಹಿಗಳಿಗೆ ತಾವಾಗಿಯೇ ಅಸ್ತಮಾ ತರುವಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಚಿಕ್ಕ ಅಧ್ಯಯನಗಳು ಅಪಾಯವನ್ನು ಹಿಗ್ಗಿಸಿ ತೋರಿಸಿದ್ದವು.

ಬೆಂಗಳೂರಿನ ಅನುಭವವೂ ಇಲ್ಲಿ ಉಲ್ಲೇಖನೀಯ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಮಕ್ಕಳ ಅಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಇಡೀ ನಗರದ್ದಲ್ಲ. ಆದರೂ 20 ವರ್ಷಗಳಲ್ಲಿ ಒಂದು ಊರಿನ ಜನರ ವಂಶವಾಹಿ ಇಷ್ಟೊಂದು ಬದಲಾಗುವುದಿಲ್ಲ. ಬದಲಾದದ್ದು ವಾಹನಗಳ ಸಂಖ್ಯೆ, ಕಾರ್ಖಾನೆ, ಜನಸಾಂದ್ರತೆ.

ಕೊರತೆಯನ್ನು ಆಹಾರದಿಂದ ತುಂಬಬಹುದೇ ಎಂಬ ಪ್ರಶ್ನೆಗೆ ಮೆಕ್ಸಿಕೋ ನಗರದಲ್ಲಿ ಒಂದು ಸುಳಿವು ದೊರಕಿದೆ. ಅಲ್ಲಿನ 158 ಅಸ್ತಮಾಪೀಡಿತ ಮಕ್ಕಳಲ್ಲಿ ಕೆಲವರಿಗೆ ನಿತ್ಯ 250 ಮಿಲಿಗ್ರಾಂ 'ಸಿ' ಹಾಗೂ 50 ಮಿಲಿಗ್ರಾಂ 'ಇ' ಜೀವಸತ್ವ ನೀಡಲಾಯಿತು. ಓಜೋನ್ ಏರಿದಾಗ ಜಿಎಸ್‌ಟಿಎಂ1 ಇಲ್ಲದ, ಜೀವಸತ್ವವನ್ನೂ ಪಡೆಯದ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿತು, ಪಡೆದವರಲ್ಲಿ ಕುಗ್ಗಲಿಲ್ಲ. 2004ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಂಬಿ ಇನ್‌ಹೇಲರ್ ಬದಿಗಿಟ್ಟು ಮಾತ್ರೆ ನುಂಗುವುದು ಅಪಾಯಕರ.

ಅಸ್ತಮಾ ಪತ್ತೆಗೆ ವಂಶವಾಹಿ ಪರೀಕ್ಷೆಯ ಅಗತ್ಯವಿಲ್ಲ. ರೋಗಲಕ್ಷಣಗಳ ವಿಚಾರಣೆ ಮತ್ತು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಇಂದಿಗೂ ವೈದ್ಯರ ಮುಖ್ಯ ಆಧಾರ.